ಕೋಂ ಮುಂದಿನ ಹೆಸರು

ಧಾರವಾಡ,
೨೪ ಜೂನ್ ೧೯೩೮

ತೀರ್ಥರೂಪ ಅತ್ತೆಯವರ ಪಾದಗಳಿಗೆ ಯಮುನಾಳ ನಮಸ್ಕಾರಗಳು.

ನಾವು ಸುಖವಾಗಿ ಬಂದು ಮುಟ್ಟಿದೆವು. ಯಲವಿಗಿ ಸ್ಟೇಶನ್ನಿನಲ್ಲಿ ಗಾಡಿ ತಡವಾದ್ದರಿಂದ ನೀವು ಕಟ್ಟಿಕೊಟ್ಟ ದಶಮಿ ರೊಟ್ಟಿ ಅಲ್ಲಿಯೇ ಅರ್ಧ ಖರ್ಚಾಯಿತು. ಉಳಿದರ್ಧವನ್ನು ಶ್ರೀಪಾದಣ್ಣ ಹುಬ್ಬಳ್ಳಿ ಬರುವುದರೊಳಗೆ ಮುಗಿಸಿದ. ನನ್ನನ್ನು ಇಲ್ಲಿ ಬಿಟ್ಟು ಅವನು ಮರುದಿನವೇ ನಮ್ಮ ತವರು ಹಂಸಭಾವಿಗೆ ಹೊರಟುಹೋದ.

ಹೆಣ್ಣುಮಕ್ಕಳ ವಸತಿಗೃಹ ಹಳೆಯ ಹೆಂಚಿನ ಮನೆ. ಮಡಿಯ ಅಡಿಗೆ ಬೇರೆ ಇದೆ, ಚಿಂತೆ ಬೇಡ. ನನ್ನ ಕೋಣೆಯಲ್ಲಿ ಹಿರೇಕೆರೂರಿನ ನಾಗವ್ವ ಎಂಬ ಹುಡುಗಿ ಇದ್ದಾಳೆ. ಮದುವೆಯಾಗಿಲ್ಲ, ಮಾತು ಬಹಳ. ಕಾಲೇಜಿನಲ್ಲಿ ನಾವು ಹೆಣ್ಣುಮಕ್ಕಳು ಒಂದು ಕೋಣೆಯಲ್ಲಿ ಕಾದಿದ್ದು, ಪ್ರೊಫೆಸರರು ವರ್ಗಕ್ಕೆ ಹೊರಟಾಗ ಅವರ ಬೆನ್ನ ಹಿಂದೆ ಸಾಲಾಗಿ ಹೋಗಿ ಮುಂದಿನ ಬೆಂಚಿನಲ್ಲಿ ಕೂಡುತ್ತೇವೆ. ಪಾಠ ಮುಗಿದರೆ ಮತ್ತೆ ಅವರ ಹಿಂದೆಯೇ ಹೊರಗೆ. ಇಂಗ್ಲಿಷ್ ಪಾಠ ಬಹಳ ವೇಗ. ಅರ್ಧ ಬರೆದುಕೊಳ್ಳುವುದರೊಳಗೆ ಪುಟ ತಿರುಗಿಸಿರುತ್ತಾರೆ.

ಹೆಸರು ಬರೆಸುವ ದಿನ ಒಂದು ತಮಾಷೆಯಾಯಿತು. ಶ್ರೀಪಾದಣ್ಣ ಟ್ರಂಕು ಇಳಿಸಲು ಟಾಂಗಾದ ಹತ್ತಿರ ಹೋಗಿದ್ದ. ನನ್ನ ಹಿಂದೆ ಹುಡುಗರ ದೊಡ್ಡ ಸಾಲು. ಕಾರಕೂನರು ಮುಖ ಎತ್ತದೆ, "ಯಮುನಾಬಾಯಿ ಕೋಂ?" ಎಂದು ಕೇಳಿ ಲೆಕ್ಕಣಿಕೆ ಹಿಡಿದು ಕುಳಿತರು. ಕೋಂ ಮುಂದೆ ಗಂಡನ ಹೆಸರು ಬರಬೇಕಲ್ಲ. ಅದನ್ನು ನಾನು ಬಾಯಿಬಿಟ್ಟು ಹೇಳುವುದು ಹೇಗೆ?

"ಯಜಮಾನರ ಹೆಸರು ಹೇಳ್ರಿ ಬಾಯಿ, ಹೊತ್ತಾತು."

"ಪೇಶವೆಯವರ ಹೆಸರು ಅದರಿ," ಎಂದೆ.

"ಅಂದ್ರ ಬಾಜೀರಾವ," ಎಂದು ಬರೆದೇಬಿಟ್ಟರು.

"ಅಲ್ಲರಿ, ಅವರ ಮೊಮ್ಮಗನ ಹೆಸರು."

"ಮೊಮ್ಮಗಗ ಅಜ್ಜನ ಹೆಸರಽ ಇಟ್ಟಿರ್ತಾರಲ್ಲ. ಸರಿ ಆತು. ಮುಂದಿನವರು ಬರ್ರಿ!"

ಹೀಗಾಗಿ ನಾನು ಈಗ ಯಮುನಾಬಾಯಿ ಬಾಜೀರಾವ ಸವಣೂರ. ದಿನಾಲು ಹಾಜರಿಯಲ್ಲಿ ಆ ಹೆಸರು ಕೂಗುತ್ತಾರೆ, ನಾನು ಓ ಎನ್ನುತ್ತೇನೆ. ಮ್ಯಾಟ್ರಿಕ್ ಸರ್ಟಿಫಿಕೇಟು ಅಣ್ಣನ ಚೀಲದಲ್ಲಿ ಉಳಿದಿತ್ತು; ಅದರಲ್ಲಿ ಸರಿಯಾದ ಹೆಸರಿದೆ. ಮರುದಿನ ಒಯ್ದು ಕೊಟ್ಟರೆ ಓದದೆಯೇ ಕಟ್ಟಿನಲ್ಲಿ ಸೇರಿಸಿದರು.

ಹೊರಡುವಾಗ ರಾಘಣ್ಣ ಕಾಕಾ ಹೇಳಿದ್ದು ನೆನಪಿದೆ: "ಒಂದು ವರ್ಷ ನೋಡೋಣು. ಎಡವಿದರ ಪುಸ್ತಕ ಕಟ್ಟಿಟ್ಟು ಮನಿಗೆ." ನಾನು ಎಡವುವುದಿಲ್ಲವೆಂದು ಅವರಿಗೆ ತಿಳಿಸಬೇಕು.

ನಿಮ್ಮ ಸೊಸೆ
ಯಮುನಾ


ಸವಣೂರು,
೩ ಜುಲೈ ೧೯೩೮

ಚಿ. ಸೌ. ಯಮುನಾಗ ಅತ್ತಿಯ ಆಶೀರ್ವಾದ.

ನಿನ್ನ ಕಾಗದ ಬಂತು. ರಾಘಣ್ಣ, ನಾ ಓದಿ ಹೇಳ್ತೇನಿ ವೈನಿ, ಅಂದ. ಮೈದುನನ ಕಣ್ಣು ಯಾಕ, ನನಗ ನನ್ನ ಕಣ್ಣು ಅವ ಅಂದೆ. ನಾನು ಬರಿಯೂದು ಮಾತಾಡಿದ್ಹಂಗ ಇರತದ, ನೀ ಕಾಲೇಜಿನಾಕಿ ಅಂತ ತಪ್ಪು ಹುಡುಕಬ್ಯಾಡ.

ಬಾಜೀರಾವನ ಸುದ್ದಿ ಓದಿ ನಕ್ಕು ನಕ್ಕು ಒಲಿ ಮ್ಯಾಲಿನ ಹಾಲು ಉಕ್ಕಿತು. ಪೇಶವೆ ಅಂದರ ಒಬ್ಬನಽ ಏನು? ನನ್ನ ಹೆಸರು ಗೋಪಿಕಾಬಾಯಿ, ಪೇಶವೆ ಮಾಧವರಾಯನ ತಾಯಿ ಹೆಸರೂ ಅದಽ ಅಂತ ನಿಮ್ಮ ಮಾವನವರು ಮಗಗ ಮಾಧವರಾವ ಅಂತಽ ಇಡಬೇಕು ಅಂದರು. ನವಾಬರ ಊರಾಗ ಪೇಶವೆ ಹುಟ್ಯಾನ ಅಂತ ಓಣಿ ಮಂದಿ ನಗತಿದ್ದರು. ಈಗ ಯಾವನೋ ಕಾರಕೂನ ನನ್ನ ಮಗನ್ನ ಅಜ್ಜನ್ನ ಮಾಡಿ ಕೂಡಿಸಿದ.

ಇರಲಿ. ನೀ ಹೆಸರು ಅನಲಿಲ್ಲಲ್ಲ, ಚಲೋ ಮಾಡಿದಿ. ಹೆಸರು ಹಿಡದರ ಆಯುಷ್ಯ ಕಡಿಮಿ ಆಗತದ ಅಂತ ನಮ್ಮ ಅತ್ತಿಯವರು ಹೇಳಿಕೊಟ್ಟದ್ದು, ನಾ ನಿನಗ ಹೇಳಿಕೊಟ್ಟದ್ದು. ನನ್ನ ಪಾಡು ನೋಡು. ನಿಮ್ಮ ಮಾವನವರದು ತಿರುಪತಿ ದೇವರ ಹೆಸರು. ಮದುವ್ಯಾದಾಗಿಂದ ಆ ದೇವರನ್ನ ಏಳು ಬೆಟ್ಟದಾವ ಅಂತಽ ಕರೀತೇನಿ. ಶನಿವಾರ ಮಂಗಳಾರತಿ ಹಾಡಿನ್ಯಾಗ ಆ ಶಬ್ದ ಬಂದಲ್ಲೆ ಬಾಯಿ ಮುಚ್ಚತೇನಿ, ಮುಂದಿನ ಶಬ್ದಕ್ಕ ತಗೀತೇನಿ. ದೇವರಿಗೆ ಗೊತ್ತದ, ಸಿಟ್ಟಾಗೂದಿಲ್ಲ.

ಹಾನಗಲ್ಲಿಗೆ ಮಾಧೂಗ ಬರದು ತಿಳಸು. ಅವನಽ ಕಾಲೇಜಿಗೆ ಒಂದು ಕಾಗದ ಹಾಕಲಿ. ಅವನೂ ಮಾಸ್ತರ ಇದ್ದಾನ, ಶಾಳಿಯವರ ರೀತಿ ಅವಗ ಗೊತ್ತಿರತದ.

ಇಲ್ಲೆ ಮಳಿ ಹಿಡದದ. ಎಲಿ ಬಳ್ಳಿಗೆ ಚಲೋ, ಹಪ್ಪಳಕ್ಕ ಚಲೋ ಅಲ್ಲ. ತಲಿಗೆ ಎಣ್ಣಿ ಹಚ್ಚಿಕೊಳ್ಳೂದು ಬಿಡಬ್ಯಾಡ.

ನಿನ್ನ ಅತ್ತಿ
ಗೋಪಿಕಾಬಾಯಿ


ಧಾರವಾಡ,
೧೪ ಆಗಸ್ಟ್ ೧೯೩೮

ತೀರ್ಥರೂಪ ಅತ್ತೆಯವರಿಗೆ ನಮಸ್ಕಾರಗಳು.

ಬಹಳ ದಿನ ಬರೆಯಲಿಲ್ಲ, ಕ್ಷಮಿಸಬೇಕು. ಇಂಗ್ಲಿಷಿನ ಚಾಚಣಿ ಪರೀಕ್ಷೆಯಲ್ಲಿ ನಾನು ನಾಪಾಸಾದೆ. ಅದನ್ನು ಬರೆಯಲು ಕೈ ಬರಲಿಲ್ಲ. ಈಗ ಎರಡನೆಯದು ಆಯಿತು, ಅದರಲ್ಲಿ ಪಾಸಾಗಿದ್ದೇನೆ, ಆದ್ದರಿಂದ ಎರಡನ್ನೂ ಕೂಡಿಸಿ ಬರೆಯುತ್ತಿದ್ದೇನೆ. ನಾಗವ್ವ ಮತ್ತು ನಾನು ಒಂದು ಉಪಾಯ ಹೂಡಿದ್ದೇವೆ. ಪಾಠದ ಮೊದಲರ್ಧವನ್ನು ಅವಳು ಬರೆದುಕೊಳ್ಳುವುದು, ಉಳಿದದ್ದನ್ನು ನಾನು. ಸಂಜೆ ಜೋಡಿಸಿಕೊಳ್ಳುತ್ತೇವೆ. ಮೊದಲು ಅವಳ ಅಕ್ಷರ ನನಗೆ ತಿಳಿಯುತ್ತಿರಲಿಲ್ಲ. ಈಗ ಪ್ರೊಫೆಸರರ ಇಂಗ್ಲಿಷೇ ಅವಳ ಅಕ್ಷರಕ್ಕಿಂತ ಸುಲಭವೆನಿಸುತ್ತದೆ.

ಸಂಸ್ಕೃತ ಚೆನ್ನಾಗಿ ನಡೆದಿದೆ. ಗಣಿತ ನಡೆದಿದೆ. ಇತಿಹಾಸದ ತಾಸಿನಲ್ಲಿ ಸ್ವಲ್ಪ ತೊಂದರೆ ಇದೆ. ಪಾಠದ್ದಲ್ಲ. ಹಾಜರಿ ಕರೆಯುವಾಗ ನನ್ನ ಹೆಸರು ಬಂದ ಕೂಡಲೆ ಹಿಂದಿನ ಬೆಂಚಿನ ಹುಡುಗರು ಕೆಮ್ಮುತ್ತಾರೆ. ನನಗೆ ಒಂದು ಅಡ್ಡಹೆಸರು ಇಟ್ಟಿದ್ದಾರೆ. ಅದನ್ನು ಬರೆಯುವುದಿಲ್ಲ, ನೀವೂ ಕೇಳಬೇಡಿ. ಕೆಮ್ಮಿದವರ ಕಡೆಗೆ ತಿರುಗಿ ನೋಡದೆ ಓ ಎನ್ನುವುದನ್ನು ಕಲಿತಿದ್ದೇನೆ.

ನೀವು ಹೇಳಿದಂತೆ ಇವರು ಹಾನಗಲ್ಲಿನಿಂದ ಕಾಲೇಜಿಗೆ ಕಾಗದ ಹಾಕಿದರು. ಕಾರಕೂನರು ಅದನ್ನು ನನಗೆ ತೋರಿಸಿ, "ಬಾಜೀರಾಯರ ಹೆಂಡತಿ ಬಗ್ಗೆ ಈ ಗೃಹಸ್ಥರು ಯಾಕ ಬರದಾರ?" ಎಂದು ಕೇಳಿದರು. ಇವರೇ ಅವರು ಎಂದೆ. "ಇವರು ಬಾಜೀರಾವ ಅಲ್ಲಲ್ಲ," ಎಂದರು. ಅಲ್ಲ ಎಂದೆ. "ಮತ್ತ?" ಎಂದರು. ಅಷ್ಟರಲ್ಲಿ ಗಂಟೆ ಹೊಡೆಯಿತು, ನಾನು ಪಾರಾಗಿ ಬಂದೆ. ಕಾಗದ ಅವರ ಕಟ್ಟಿನಲ್ಲಿಯೇ ಉಳಿಯಿತು.

ಚೌತಿಯ ನಂತರ ಒಂದು ರವಿವಾರ ಇವರೇ ಬಂದು ಹೋಗುವರಂತೆ. ಬಂದಾಗ ಎಲ್ಲ ಸರಿಯಾದೀತು.

ನಿಮ್ಮ
ಯಮುನಾ


ಹಾನಗಲ್ಲು,
೬ ಸೆಪ್ಟೆಂಬರ್ ೧೯೩೮

ಪ್ರಿಯ ಯಮುನಾ,

ರವಿವಾರ ನಾನು ಬಂದಿದ್ದು ನಿನಗೆ ಗೊತ್ತಿದೆ. ನೀನು ಜಗಲಿಯ ಮೇಲೆಯೇ ನಿಂತಿದ್ದೆ. ಆದರೂ ನಡೆದದ್ದನ್ನು ಸಾಲಾಗಿ ಬರೆಯುತ್ತೇನೆ. ಮರಳಿ ಬರುವಾಗ ಶಿಗ್ಗಾಂವಿಯಲ್ಲಿ ಮೋಟಾರು ಕೆಟ್ಟು ನಿಂತಿತು, ಅಲ್ಲಿ ಕುಳಿತು ಇದನ್ನೇ ಯೋಚಿಸಿದೆ.

ನಿಮ್ಮ ಬಾಗಿಲು ಕಾಯುವ ದಸ್ತಗೀರಸಾಬ ನನ್ನನ್ನು ಚೆನ್ನಾಗಿಯೇ ಮಾತಾಡಿಸಿದ.

"ಯಾರ್ನ ಕೇಳ್ತೀರಿ ಸಾಹೇಬ್ರ?"

"ಯಮುನಾಬಾಯಿ, ಸವಣೂರಿನವರು."

"ಬಾಜೀರಾಯರ ಬಾಯಾರನ್ರೀ? ಹಂಗಾರ ತಾವು ಬಾಜೀರಾಯರು?"

"ಅಲ್ಲ."

"ಅಲ್ಲ ಅಂದ್ರ ಒಳಗ ಬಿಡಾಕ ಬರೂದಿಲ್ರಿ. ಅಪ್ಪ, ಅಣ್ಣತಮ್ಮ, ಗಂಡ. ಇಷ್ಟು ಮಂದಿಗೆ ಐತ್ರಿ ಬಾಗಿಲ."

"ನಾನಽ ಗಂಡ."

"ಬಾಜೀರಾಯರು ಅಲ್ಲ ಅಂತೀರಿ, ಗಂಡ ಅಂತೀರಿ. ನನ್ನ ನೌಕರಿ ತಗೀತೀರೇನ್ರೀ?"

ಆಮೇಲೆ ನಿಮ್ಮ ಮೇಲ್ವಿಚಾರಕಿ ಬಾಯಿಯವರು ಬಂದರು. ನಿನ್ನ ಕಡೆ ತಿರುಗಿ, ಇವರು ಯಾರು ಎಂದು ಕೇಳಿದರು. "ನಮ್ಮ ಮನಿಯವರು," ಎಂದು ನೀನು ಹೇಳಿದ್ದು ನನಗೆ ಕೇಳಿಸಿತು. "ಹಂಗಿದ್ದರ ಬಾಜೀರಾಯರು ಯಾರು? ಇವರ ಹೆಸರೇನು?" ಎಂದರು. ನೀನು ಸೆರಗಿನ ತುದಿಯನ್ನು ಬೆರಳಿಗೆ ಸುತ್ತತೊಡಗಿದೆ. ಸುತ್ತಿದೆ, ಬಿಚ್ಚಿದೆ, ಮತ್ತೆ ಸುತ್ತಿದೆ. ಬಾಯಿಯವರು ಕಾಯುವಷ್ಟು ಕಾಯ್ದು, ಇನ್ನೊಮ್ಮೆ ಬನ್ನಿರೆಂದು ಮರ್ಯಾದೆಯಿಂದಲೇ ನನ್ನನ್ನು ಕಳಿಸಿದರು.

ರಸ್ತೆಯಲ್ಲಿ ನಿಂತಿದ್ದ ಕಾಲೇಜಿನ ಹುಡುಗನೊಬ್ಬ, "ಮಸ್ತಾನೀನ್ನ ಕಾಣಲಿಕ್ಕೆ ಬಂದಿದ್ರೇನ್ರಿ?" ಎಂದ. ನನಗೆ ತಿಳಿಯಲು ಒಂದು ಕ್ಷಣ ಬೇಕಾಯಿತು. ಬಾಜೀರಾಯನ ಮನೆಯವರು ಹೆಂಡತಿಯೆಂದು ಒಪ್ಪದ ಹೆಣ್ಣಿನ ಹೆಸರು ಅದು. ನಾನೇ ಇಲ್ಲಿ ಮಕ್ಕಳಿಗೆ ಆ ಪಾಠ ಹೇಳುತ್ತೇನೆ. ಎಷ್ಟು ದಿನದಿಂದ ನಿನ್ನನ್ನು ಹಾಗೆ ಕರೆಯುತ್ತಿದ್ದಾರೆ? ನನಗೇಕೆ ಬರೆಯಲಿಲ್ಲ?

ಅಪ್ಪ ತೀರಿಕೊಂಡಾಗ ನಾನು ಚಿಕ್ಕವ. ವೆಂಕಟೇಶರಾಯರು ಎಂಬ ಹೆಸರನ್ನು ಕಾಕಾನ ಬಾಯಿಂದ ಕೇಳಿದ್ದೇನೆ, ಊರವರ ಬಾಯಿಂದ ಕೇಳಿದ್ದೇನೆ, ಅವ್ವನ ಬಾಯಿಂದ ಒಂದು ಸಲವೂ ಕೇಳಿಲ್ಲ. ಮನೆಯ ಒಳಗೆ ಅಪ್ಪನಿಗೆ ಹೆಸರೇ ಇಲ್ಲವೆಂದು ಬಹಳ ದಿನ ತಿಳಿದಿದ್ದೆ. ರವಿವಾರ ಆ ಜಗಲಿಯ ಕೆಳಗೆ ನಿಂತಾಗ ನನಗೂ ಇಲ್ಲವೇನೋ ಎನಿಸಿತು.

ಹೇಳು ಎಂದು ನಾನು ಒತ್ತಾಯ ಮಾಡುವುದಿಲ್ಲ. ಬೇಡಿ ಹೇಳಿಸಿಕೊಂಡ ಹೆಸರು ನನಗೆ ಬೇಡ. ಅವ್ವನ ಮನಸ್ಸು ನೋಯಿಸುವುದೂ ಬೇಡ. ದಸ್ತಗೀರಸಾಬನ ಕೈಯಲ್ಲಿ ಶೇಂಗಾದ ಉಂಡಿ ಕೊಟ್ಟು ಬಂದಿದ್ದೇನೆ. ಓದು ಬಿಡಬೇಡ.

ನಿನ್ನ
ಮಾಧವ


ಧಾರವಾಡ,
೧೨ ಸೆಪ್ಟೆಂಬರ್ ೧೯೩೮

ತೀರ್ಥರೂಪ ಅತ್ತೆಯವರ ಪಾದಗಳಿಗೆ ನಮಸ್ಕಾರಗಳು.

ಈ ಕಾಗದವನ್ನು ನೀವೊಬ್ಬರೇ ಓದಬೇಕು.

ಇವರು ಬಂದು ಬಾಗಿಲಿನಿಂದ ಮರಳಿದ್ದು ನಿಮಗೆ ತಿಳಿದಿರಬಹುದು. ಮರುದಿನ ಮೇಲ್ವಿಚಾರಕಿ ಬಾಯಿಯವರು ನನ್ನನ್ನು ಪ್ರಿನ್ಸಿಪಾಲರ ಕೋಣೆಗೆ ಕರೆದುಕೊಂಡು ಹೋದರು. ಮೇಜಿನ ಮೇಲೆ ನನ್ನ ಸರ್ಟಿಫಿಕೇಟು, ಹಾಜರಿ ಪುಸ್ತಕ, ಇವರ ಕಾಗದ ಮೂರೂ ಇದ್ದವು. ಮ್ಯಾಟ್ರಿಕ್ ಪಾಸಾದವಳು ಒಬ್ಬರ ಹೆಂಡತಿ, ಕಾಲೇಜಿಗೆ ಬರುತ್ತಿರುವವಳು ಇನ್ನೊಬ್ಬರ ಹೆಂಡತಿ. ಹೀಗಿರುವಾಗ ನಾನು ಇಲ್ಲಿ ಕಲಿತದ್ದು ಯಾರ ಲೆಕ್ಕಕ್ಕೂ ಸೇರುವುದಿಲ್ಲ. ದೀಪಾವಳಿಯ ಸೂಟಿಯೊಳಗಾಗಿ ಸರಿಪಡಿಸದಿದ್ದರೆ ಈ ವರ್ಷ ನಷ್ಟವಾದಂತೆಯೇ. ವರ್ಷ ಹೋದರೆ ರಾಘಣ್ಣ ಕಾಕಾ ಏನು ಮಾಡುವರೆಂದು ನಿಮಗೂ ಗೊತ್ತು, ನನಗೂ ಗೊತ್ತು.

ಸರಿಪಡಿಸುವ ರೀತಿ ಇಷ್ಟೇ. ಎರಡು ಹೆಸರುಗಳಲ್ಲಿ ನನ್ನ ಗಂಡನದು ಯಾವುದೆಂದು ನಾನು ಅವರೆದುರಿಗೆ ಬಾಯಿಬಿಟ್ಟು ಹೇಳಬೇಕು, ಆಮೇಲೆ ಸಹಿ ಮಾಡಬೇಕು. ಅಣ್ಣನಿಂದ ಹೇಳಿಸಲೇ ಎಂದು ಕೇಳಿದೆ. ಬಾಯಿಯವರು ಒಪ್ಪಲಿಲ್ಲ. "ಯಾರೋ ಗಂಡಸರು ಬಂದು ಈಕಿ ಗಂಡ ಇವರು, ಅವರು, ಅಂದ್ರ ನಾ ಕೇಳೂದಿಲ್ಲ. ನಿಮ್ಮ ಗಂಡ ಯಾರು ಅನ್ನೂದು ನಿಮ್ಮ ಬಾಯಿಂದಽ ಬರಲಿ," ಎಂದರು. ಅವರ ಮೇಲೆ ನನಗೆ ಸಿಟ್ಟು ಬಂತು. ಕೋಣೆಗೆ ಬಂದು ಯೋಚಿಸಿದ ಮೇಲೆ ಸಿಟ್ಟು ಇಳಿಯಿತು.

ಗುರುವಾರ ನಾನು ಹೋದೆ. ಬರೇ ಹೆಸರು ಹೇಳಿದರೆ ತಪ್ಪು, ಮದುವೆಮನೆಯಲ್ಲಿ ಹೇಳುವಂತೆ ಒಡಪು ಹಾಕಿ ಹೇಳಿದರೆ ತಪ್ಪಲ್ಲವೆಂದು ರಾತ್ರಿ ಒಂದನ್ನು ಜೋಡಿಸಿಕೊಂಡಿದ್ದೆ. ಪ್ರಿನ್ಸಿಪಾಲರು, ಬಾಯಿಯವರು, ಕಾರಕೂನರು ಮೂವರೂ ನನ್ನ ಮುಖ ನೋಡುತ್ತಿದ್ದರು. ನಾನು ಸುರುಮಾಡಿದೆ:

"ಸವಣೂರ ಎಲಿಗೆ ಬೇಕು ಅಡಕಿ, ಅಡಕಿಗೆ ಬೇಕು ಸುಣ್ಣ,
ಕೇಳಿದವರಿಗೆ ಹೇಳ್ತೇನಿ..."

ಕಾರಕೂನರು, "ಎಲಿ ಅಡಕಿನೂ ಬರಕೊಳ್ಳಲೇನ್ರಿ ಸರ್?" ಎಂದರು. ಪ್ರಿನ್ಸಿಪಾಲರು ಕೂಡ ಕರವಸ್ತ್ರ ಬಾಯಿಗೆ ಹಿಡಿದರು. ನನ್ನ ನಾಲಗೆ ಅಲ್ಲಿಯೇ ನಿಂತಿತು. ವಿಚಾರ ಮಾಡಿ ಬನ್ನಿ ಎಂದು ಕಳಿಸಿದರು.

ನಾಗವ್ವ ಅಂದಿನಿಂದ ಒಂದೇ ಸಮ, "ನಿನ್ನ ಗಂಡನ ಹೆಸರು ನಾ ಹೇಳಿ ಬರ್ಲೇನ? ನನಗೇನೂ ಆಗಾಂಗಿಲ್ಲ, ನಿನ್ನ ಗಂಡಗೂ ಆಗಾಂಗಿಲ್ಲ. ಇಡೀ ಹಾನಗಲ್ಲ ಹುಡುಗ್ರು ಅವ್ರ ಹೆಸರು ಹಿಡಿದು ಬೈತಿರ್ತಾವ, ಇನ್ನೂ ಜೀವಂತ ಅದಾರಲ್ಲ," ಎನ್ನುತ್ತಾಳೆ. ನಗು ಬರುತ್ತದೆ. ನಕ್ಕ ಮೇಲೆ ಅದು ನಿಜವೆಂದೂ ಎನಿಸುತ್ತದೆ.

ಅತ್ತೆಯವರೆ, ನಾನು ಹೇಳಬೇಕೆಂದು ನಿಶ್ಚಯಿಸಿದ್ದೇನೆ. ವರ್ಷ ಉಳಿಸಿಕೊಳ್ಳುವುದಕ್ಕೆ ಹೌದು. ಆದರೆ ಅದಕ್ಕೊಂದಕ್ಕೇ ಅಲ್ಲ. ಜಗಲಿಯ ಕೆಳಗೆ ಇವರು ಕೈಯಲ್ಲಿ ಗಂಟು ಹಿಡಿದು, ನಾನು ಏನು ಹೇಳುತ್ತೇನೆಂದು ಮುಖ ಎತ್ತಿ ನಿಂತಿದ್ದರು. ಅದನ್ನು ಮತ್ತೊಮ್ಮೆ ನೋಡಲಾರೆ.

ನಿಮ್ಮನ್ನು ಕೇಳದೆ ಹೇಳಬಾರದೆಂದು ಇದನ್ನು ಬರೆದೆ. ನೀವು ಬೇಡವೆಂದರೆ ಬಹಳ ಅಳುತ್ತೇನೆ. ಅತ್ತು, ಹೋಗಿ ಹೇಳುತ್ತೇನೆ.

ನಿಮ್ಮ ಸೊಸೆ
ಯಮುನಾ


ಸವಣೂರು,
೧೯ ಸೆಪ್ಟೆಂಬರ್ ೧೯೩೮

ಚಿ. ಸೌ. ಯಮುನಾಗ ಆಶೀರ್ವಾದ.

ನಿನ್ನ ಕಾಗದ ಎರಡು ದಿನ ದೇವರ ಮುಂದ ಇಟ್ಟಿದ್ದೆ. ದೇವರು ಏನೂ ಹೇಳಲಿಲ್ಲ. ಅದಕ್ಕ ನಾನಽ ಬರೀಲಿಕ್ಕತ್ತೇನಿ.

ಬಾಗಲದಾಗಿನ ಸುದ್ದಿ ಇಲ್ಲೆ ಮೊದಲಽ ಬಂದಿತ್ತು. ರಾಘಣ್ಣ ಸಂತಿಯಿಂದ ಕೇಳಿಕೊಂಡು ಬಂದು, "ಗಂಡನ್ನ ಗುರುತು ಹಿಡೀದಷ್ಟು ಕಲತಾಳ, ಸಾಕು, ಕರಕೊಂಡು ಬರೋಣು," ಅಂದ.  ನಿನ್ನ ಕಾಗದ ಓದಿದ ಮ್ಯಾಲೆ, ಆಕಿ ವರ್ಷ ಮುಗಿಸಿಽ ಬರತಾಳ ಅಂತ ಅವಗ ಅಂದೆ.

ನಿನಗ ಒಂದು ಮಾತು ಹೇಳಬೇಕು. ಆ ದೊಡ್ಡ ಜ್ವರದ ವರ್ಷ ಮಾಧು ಆರು ವರ್ಷದವ. ನಿಮ್ಮ ಮಾವನವರಿಗೆ ಜ್ವರ ನೆತ್ತಿಗೇರಿತ್ತು, ಮೈಮ್ಯಾಲೆ ಎಚ್ಚರಿರಲಿಲ್ಲ. ಹೆಸರು ಹಿಡದು ಕರೀತಿರ್ರಿ, ಸುಮ್ಮನ ಬಿಡಬ್ಯಾಡ್ರಿ ಅಂತ ವೈದ್ಯರು ಹೇಳಿದರು. ನಮ್ಮ ಅತ್ತಿಯವರು ಕರದರು, ರಾಘಣ್ಣ ಕರದ. ಕರದಾಗೊಮ್ಮೆ ಕಣ್ಣು ತಗದು ಕರದವರ ಕಡೆ ನೋಡತಿದ್ದರು. ನಾನು ಕಾಲ ಹತ್ರ ಕೂತು, "ಇಲ್ಲೆ ನೋಡ್ರಿ, ಇಲ್ಲೆ ನೋಡ್ರಿ," ಅಂತಿದ್ದೆ. ಇಲ್ಲೆ ಅಂದರ ಎಚ್ಚರ ಇಲ್ಲದವರಿಗೆ ಹೆಂಗ ತಿಳೀಬೇಕು? ಎಲ್ಲಾರ ಕಡೆ ನೋಡಿದರು. ನನ್ನ ಕಡೆ ನೋಡಲಿಲ್ಲ.

ಲಗ್ನಾದ ದಿನದಿಂದ ಅವತ್ತಿನ ತನಕಾ ನಾ ಒಮ್ಮೆ ಸೈತ ಆ ಹೆಸರು ಅಂದಾಕಿ ಅಲ್ಲ. ಆದರೂ ಹೋದರು. ಅವರ ಆಯುಷ್ಯ ನನ್ನ ನಾಲಿಗ್ಯಾಗ ಅದ ಅಂತ ತಿಳಕೊಂಡಿದ್ದೆ. ಇರಲಿಲ್ಲ.

ಇದು ಗೊತ್ತಿದ್ದೂ ನಿನಗ ಅದನ್ನಽ ಕಲಿಸಿದೆ. ನಮ್ಮ ಅತ್ತಿಯವರು ಕಲಿಸಿದ್ದು ಅಂತ ಕಲಿಸಿದೆ, ಬ್ಯಾರೆ ಏನೂ ಇಲ್ಲ.

ಒಡಪು ಹಾಕಬ್ಯಾಡ. ಒಡಪು ಮದುವಿ ಮನ್ಯಾಗ ಚೆಂದ, ಕಚೇರ್ಯಾಗ ಅಲ್ಲ. ಕಾರಕೂನ ನಕ್ಕರ ಅವನ ಹಲ್ಲು ಅವನ ಬಾಯಾಗ ಇರತಾವ, ನಿನಗೇನು? ಬರೇ ಹೆಸರು ಹೇಳು. ಮೆತ್ತಗ ಹೇಳಬ್ಯಾಡ, ಇನ್ನೊಮ್ಮೆ ಹೇಳ್ರಿ ಅಂತಾರ. ಒಮ್ಮೆಗೇ ಕೇಳೂ ಹಂಗ ಹೇಳು.

ರಾಘಣ್ಣನ್ನ ನಾ ನೋಡಿಕೋತೇನಿ. ನೀ ಅಳಬ್ಯಾಡ, ಕಣ್ಣು ಕೆಡತಾವ, ಓದೂದದ.

ನಿನ್ನ ಅತ್ತಿ
ಗೋಪಿಕಾಬಾಯಿ


ಧಾರವಾಡ,
೩ ಅಕ್ಟೋಬರ್ ೧೯೩೮

ತೀರ್ಥರೂಪ ಅತ್ತೆಯವರ ಪಾದಗಳಿಗೆ ಯಮುನಾಳ ನಮಸ್ಕಾರಗಳು.

ನಿಮ್ಮ ಕಾಗದ ತಲುಪಿದ ದಿನ ಓದಿದೆ. ಮರುದಿನ ಕಚೇರಿ ತೆರೆಯುವ ಹೊತ್ತಿಗೆ ಬಾಗಿಲಲ್ಲಿ ನಿಂತಿದ್ದೆ. ಪ್ರಿನ್ಸಿಪಾಲರು ಕುಳಿತುಕೊಳ್ಳಲು ಹೇಳಿದರು. ನಿಂತೇ ಹೇಳುತ್ತೇನೆ ಎಂದೆ.

"ನನ್ನ ಗಂಡನ ಹೆಸರು ಮಾಧವರಾವ. ನಾನು ಯಮುನಾಬಾಯಿ ಕೋಂ ಮಾಧವರಾವ ಸವಣೂರ."

ನೀವು ಹೇಳಿದಂತೆ ಒಮ್ಮೆಗೇ ಕೇಳುವಂತೆ ಹೇಳಿದೆ. ಬಹುಶಃ ಸ್ವಲ್ಪ ಹೆಚ್ಚಾಯಿತು. ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದ ಸಿಪಾಯಿ ಎದ್ದು ಒಳಗೆ ಇಣುಕಿದ. ಕಾರಕೂನರು ಕೆಂಪು ಶಾಯಿಯಿಂದ ಬಾಜೀರಾಯರನ್ನು ಹೊಡೆದು ಹಾಕಿ, "ಇದನ್ನ ಆವತ್ತಽ ಅಂದಿದ್ರ ಮುಗೀತಿತ್ತಲ್ಲ ಬಾಯಾರ," ಎಂದರು. "ಆವತ್ತು ನಿಮಗ ಬೇಕಾಗಿತ್ತು, ಇವತ್ತು ನನಗ ಬೇಕಾಗೇದರಿ," ಎಂದೆ. ಸಹಿ ಮಾಡಿ ಹೊರಗೆ ಬಂದೆ. 

ಇತಿಹಾಸದ ತಾಸಿನಲ್ಲಿ ಹೊಸ ಹೆಸರು ಕೂಗಿದರು. ಹಿಂದಿನಿಂದ ಒಬ್ಬ, "ಪೇಶವೆ ಬದಲಾದ್ರಲ್ಲ!" ಎಂದ. ಈ ಸಲ ನಾನು ತಿರುಗಿ ನೋಡಿದೆ. ಅವನು ಪುಸ್ತಕದ ಹಿಂದೆ ಮುಖ ಮುಚ್ಚಿಕೊಂಡ. ಆ ಇನ್ನೊಂದು ಹೆಸರು ಆಮೇಲೆ ಕಿವಿಗೆ ಬಿದ್ದಿಲ್ಲ. ಬಿದ್ದರೂ ಈಗ ಅದು ನನ್ನದಲ್ಲ.

ನಿನ್ನೆ ರವಿವಾರ. ಇವರು ಬರುವರೆಂದು ನನಗೆ ಗೊತ್ತಿರಲಿಲ್ಲ. ಹೆಸರು ಹೇಳಿದ ಸುದ್ದಿಯನ್ನು ಕಾಗದದಲ್ಲಿ ಬರೆಯದೆ, ಸೂಟಿಗೆ ಊರಿಗೆ ಬಂದಾಗ ಹೇಳಬೇಕೆಂದಿದ್ದೆ. ಜಗಲಿಯ ಮೇಲೆ ನಾಗವ್ವನ ಜೊತೆ ಓದುತ್ತ ಕುಳಿತಿದ್ದಾಗ ಬಾಗಿಲ ಕಡೆಯಿಂದ ದಸ್ತಗೀರಸಾಬನ ದನಿ ಕೇಳಿಸಿತು. "ಸಾಹೇಬ್ರ, ಮತ್ತ ಬಂದ್ರೇನ್ರೀ? ಇವತ್ತರ ಬಾಜೀರಾಯರು ಆಗಿ ಬಂದೀರೋ ಇಲ್ಲೋ?" ಇವರು ನಕ್ಕು, ಗಂಟನ್ನು ಅವನ ಕೈಗೆ ಕೊಟ್ಟು ತಿರುಗುತ್ತಿದ್ದರು. ಅಷ್ಟಕ್ಕೇ ಬಂದಿದ್ದರಂತೆ.

ನಾನು ಜಗಲಿಯ ಮೇಲಿಂದಲೇ ಕೂಗಿದೆ. "ಅವರನ್ನ ಒಳಗ ಬಿಡು ದಸ್ತಗೀರಸಾಬ! ಅವರು ಮಾಧವರಾವ. ನನ್ನ ಗಂಡ!"

ಬಾಯಿಯವರ ಕಿಟಕಿ ತೆರೆಯಿತು. ಅಡಿಗೆಯವ ಹೊರಗೆ ಬಂದ. ದಸ್ತಗೀರಸಾಬ, "ತಪ್ಪಾತ್ರೀ ಮಾಧವರಾಯರ, ಬರ್ರಿ, ಬರ್ರಿ," ಎಂದು ಬಾಗಿಲ ಎರಡೂ ಕದ ತೆರೆದ. ಇವರು ಮಾತ್ರ ಅಲ್ಲಿಯೇ ನಿಂತಿದ್ದರು. ಆಮೇಲೆ ಮೆಲ್ಲಗೆ ಜಗಲಿಯ ತನಕ ಬಂದು, "ಇನ್ನೊಮ್ಮೆ?" ಎಂದರು. "ಸಾಕು, ಇವತ್ತಿಗೆ ಅಷ್ಟಽ," ಎಂದೆ.

ಇವರು ಆರೋಗ್ಯದಿಂದಿದ್ದಾರೆ. ನೆಗಡಿ ಕೂಡ ಇಲ್ಲ. ಹೋದ ಸಲಕ್ಕಿಂತ ಸ್ವಲ್ಪ ದಪ್ಪ ಆದಂತಿದೆ. ನೀವು ಕೇಳುವುದಿಲ್ಲವೆಂದು ಗೊತ್ತಿದ್ದೇ ಇದನ್ನು ಬರೆದೆ.

ನಿಮ್ಮ ಹಿಂದಿನ ಕಾಗದ ನನ್ನ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇದೆ. ಅದರ ಬಗ್ಗೆ ಬರೆಯಲು ನನಗೆ ತಿಳಿಯಲಿಲ್ಲ. ಊರಿಗೆ ಬಂದಾಗ ನಿಮ್ಮ ಹತ್ತಿರ ಕುಳಿತುಕೊಳ್ಳುತ್ತೇನೆ.

ನಿಮ್ಮ ಸೊಸೆ
ಯಮುನಾಬಾಯಿ ಕೋಂ ಮಾಧವರಾವ


ಸವಣೂರು,
೧೬ ಏಪ್ರಿಲ್ ೧೯೩೯

ಚಿ. ಸೌ. ಯಮುನಾಗ ಬಹಳ ಬಹಳ ಆಶೀರ್ವಾದ.

ನೀ ಪಾಸಾದ ಸುದ್ದಿ ಮುಟ್ಟಿತು. ರಾಘಣ್ಣ ಕಾರ್ಡು ಓದಿ, ಎರಡನೇ ಸಲ ಓದಿ, ಹೊರಗ ಹೋದ. ಸಂಜಿಗೆ ಬಂದು, "ವೈನಿ, ಮುಂದಿನ ವರ್ಷದ ಪುಸ್ತಕ ಧಾರವಾಡದಾಗ ಸಿಗತಾವೋ, ಹುಬ್ಬಳ್ಳಿಯಿಂದ ತರಸಬೇಕೋ?" ಅಂತ ಕೇಳಿದ. ಅದನ್ನ ನೀನಽ ಅವಗ ಬರದು ತಿಳಸು.

ನಿನ್ನೆ ಶನಿವಾರ. ಮಂಗಳಾರತಿ ಹಾಡಿನ್ಯಾಗ ಆ ಶಬ್ದ ಬಂತು. ನಾ ಬಾಯಿ ಮುಚ್ಚಲಿಲ್ಲ. ರಾಘಣ್ಣ ಜಾಗಟಿ ಬಾರಸೂದು ಬಿಟ್ಟು ನನ್ನ ಮಾರಿ ನೋಡಿದ. "ನೀ ಬಾರಸಪಾ," ಅಂದೆ. ಬಾರಿಸಿದ. ನನ್ನ ದನಿ ದೇವರಿಗೆ ಕೇಳಿತೋ, ಅವರಿಗೆ ಕೇಳಿತೋ, ನನಗ ಗೊತ್ತಿಲ್ಲ. ಹಾಡು ಪೂರಾ ಹೇಳಿದೆ.

ಬರೂವಾಗ ಮಾಧೂನ್ನ ಕರಕೊಂಡು ಬಾ.

ನಿನ್ನ ಅತ್ತಿ
ಗೋಪಿಕಾಬಾಯಿ ಕೋಂ ವೆಂಕಟೇಶ